ಅಲುಗದ ಎಪ್ಪತ್ತೆಂಟು

ಕೋವಿಡ್ ಕಳೆದ ಮರುವರ್ಷ ನಾನು ಮಂಗಳೂರಿನ ಒಂದು ಜನರೇಟರ್ ಏಜೆನ್ಸಿಯಲ್ಲಿ ಸೀನಿಯರ್ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಅದಕ್ಕೂ ಮೊದಲು ಸೌದಿಯ ದಮ್ಮಾಮಿನಲ್ಲಿ ಇದೇ ಕೆಲಸ ಮಾಡಿ, ಬೆನ್ನುನೋವು ಕಟ್ಟಿಕೊಂಡು ಕಾಟಿಪಳ್ಳದ ಮನೆಗೆ ಮರಳಿದ್ದೆ. ನನ್ನ ಪಾಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಕಂಟ್ರೋಲರ್ ಕೆಲಸ. ಕಂಟ್ರೋಲರ್ ಎಂದರೆ ಜನರೇಟರಿನ ಮುಂಭಾಗದಲ್ಲಿರುವ, ಸಣ್ಣ ಪರದೆಯ ಪೆಟ್ಟಿಗೆ. ಎಂಜಿನ್ನಿಗೆ ಕೂರಿಸಿದ ಸೆನ್ಸರ್‌ಗಳ ತಂತಿಗಳು ಬಂದು ಸೇರುವುದು ಅದಕ್ಕೆ. ಆಯಿಲ್ ಒತ್ತಡ ಇಳಿದರೆ, ರೇಡಿಯೇಟರ್ ನೀರು ಕಾದರೆ ಅದು ಹೂಟರ್ ಕೂಗಿಸುತ್ತದೆ. ಇನ್ನೂ ಮೀರಿದರೆ ಎಂಜಿನ್ನನ್ನೇ ನಿಲ್ಲಿಸುತ್ತದೆ. ಅದಕ್ಕೆ ಬ್ಯಾಟರಿಯಿಂದ ಇಪ್ಪತ್ತನಾಲ್ಕು ವೋಲ್ಟ್ ಕೊಡಬೇಕು, ಸೆನ್ಸರ್ ತಂತಿಗಳನ್ನು ದಪ್ಪ ಪವರ್ ಕೇಬಲ್‌ಗಳಿಂದ ದೂರ ಎಳೆಯಬೇಕು, ಕೊನೆಗೆ ಕಮ್ಯುನಿಕೇಶನ್ ಕೇಬಲ್ ಜೋಡಿಸಿ ಮಾಹಿತಿ ಮೊಬೈಲಿಗೆ ಹೋಗುವಂತೆ ಮಾಡಬೇಕು. ಬ್ರಹ್ಮವಿದ್ಯೆ ಏನಲ್ಲ. ಮರ್ಯಾದೆಯಿಂದ ಮಾಡಬೇಕು, ಅಷ್ಟೆ.

ಮರ್ಯಾದೆಗೆಟ್ಟ ಕೆಲಸ ಹೇಗಿರುತ್ತದೆಂದು ನಾನು ನೋಡಿದ್ದು ಫಳ್ನೀರಿನ ಕಡೆಯ ಒಂದು ಆಸ್ಪತ್ರೆಯಲ್ಲಿ. ಹೆಸರು ಬೇಡ. ಅಲ್ಲಿನ ಹೊಸ ಕಂಟ್ರೋಲರನ್ನು ಜೋಡಿಸಿದ್ದು ನಾವಲ್ಲ, ಅವರೇ ಹುಡುಕಿದ ಕಂಟ್ರಾಕ್ಟರ್. ಒಂದು ಮಳೆಗಾಲದ ಬೆಳಿಗ್ಗೆ ಆಸ್ಪತ್ರೆಯ ಮೇಂಟೆನೆನ್ಸ್ ಮ್ಯಾನೇಜರ್ ಪ್ರಭಾಕರಣ್ಣ ಫೋನ್ ಮಾಡಿದರು. ನಾನು ಹಮೀದ್, ಅಲ್ಲಿ ಎಲ್ಲರ ಬಾಯಲ್ಲೂ ಹಮೀದಾಕ, ಎಂದರೆ ಹಮೀದಣ್ಣ.

"ಹಮೀದಾಕ, ಜನರೇಟರ್ ಮೊಬೈಲಲ್ಲಿ ಕಾಣುದಿಲ್ಲ ಮಾರಾಯ್ರೆ. ಇವತ್ತು ಹೊಸ ಬ್ಲಾಕಿನ ಉದ್ಘಾಟನೆ. ಚೇರ್ಮನ್ರಿಗೆ ಅದನ್ನು ಗೆಸ್ಟುಗಳಿಗೆ ದೊಡ್ಡ ಸ್ಕ್ರೀನಲ್ಲಿ ತೋರಿಸ್ಲಿಕ್ಕೆ ಉಂಟು. ಒಮ್ಮೆ ಬಂದು ಹೋಗಿ."

ನಾನು ಹೋದಾಗ ಎಲ್ಲಿಯೋ ಮರ ಬಿದ್ದು ಕರೆಂಟು ಹೋಗಿತ್ತು, ಆಸ್ಪತ್ರೆ ಪೂರ್ತಿ ಜನರೇಟರಿನ ಮೇಲೆ ನಡೆಯುತ್ತಿತ್ತು. ಸಮಾರಂಭದ ಹಾಲ್‌ನಲ್ಲಿ ಎಸಿ, ಮೈಕು, ಬಣ್ಣದ ದೀಪ. ಪ್ರಭಾಕರಣ್ಣ ಹೊಸ ಶರ್ಟು, ಎದೆಗೆ ಬ್ಯಾಡ್ಜು. ಜನರೇಟರ್ ಕೋಣೆಯ ಬಾಗಿಲು ತೆಗೆದದ್ದೇ ಮುಖಕ್ಕೆ ಬಿಸಿ ಹೊಡೆಯಿತು. ಸಿಹಿಯಾಗಿ ಸುಟ್ಟಂಥ ಒಂದು ವಾಸನೆ. ಕೂಲಂಟ್, ಎಂದರೆ ಎಂಜಿನ್ ತಣಿಸುವ ರೇಡಿಯೇಟರ್ ನೀರು, ಕುದಿಯುವ ವಾಸನೆ ಅದು. ನಮ್ಮ ಕೆಲಸದವರ ಮೂಗು ಅದನ್ನು ಮರೆಯುವುದಿಲ್ಲ.

ಪರದೆ ನೋಡಿದೆ. ನೀರಿನ ಉಷ್ಣತೆ ಎಪ್ಪತ್ತೆಂಟು ಡಿಗ್ರಿ. ಏನೂ ತೊಂದರೆ ಇಲ್ಲ ಎನ್ನುವ ಅಂಕಿ. ಆದರೆ ನಡೆಯುತ್ತಿರುವ ಎಂಜಿನ್ನಿನ ಅಂಕಿ ಒಂದು ಕಡೆ ಕೂರುವುದಿಲ್ಲ, ಲೋಡ್ ಏರಿಳಿದಂತೆ ಅದೂ ಒಂದಿಷ್ಟು ಆಚೀಚೆ ಆಗುತ್ತದೆ. ಇದು ಗೋಡೆಗೆ ಬರೆದಿಟ್ಟಂತೆ ನಿಂತಿತ್ತು. ಪೈಪಿನ ಹತ್ತಿರ ಕೈ ಒಯ್ದರೆ ಆ ಕಾವಿಗೆ ಮುಟ್ಟಲಿಕ್ಕೇ ಆಗಲಿಲ್ಲ.

ಪ್ಯಾನೆಲ್ ಬಾಗಿಲು ತೆಗೆದೆ. ಉಷ್ಣತೆಯ ಸೆನ್ಸರಿನಿಂದ ಬಂದ ತಂತಿಗಳನ್ನು ಕಳಚಿ ಟೇಪು ಸುತ್ತಿ ಮೂಲೆಗೆ ತುರುಕಿದ್ದರು. ಅವು ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ರೆಸಿಸ್ಟರ್ ಸಿಕ್ಕಿಸಿದ್ದರು. ನೀರು ಬಿಸಿಯಾದಂತೆ ಸೆನ್ಸರಿನ ರೆಸಿಸ್ಟೆನ್ಸ್ ಬದಲಾಗುತ್ತದೆ, ಕಂಟ್ರೋಲರ್ ಅದನ್ನೇ ಡಿಗ್ರಿಯಾಗಿ ತೋರಿಸುತ್ತದೆ. ಬದಲಾಗದ ರೆಸಿಸ್ಟರ್ ಇಟ್ಟರೆ ಎಂಜಿನ್ನಿಗೆ ಬೆಂಕಿ ಹೊತ್ತಿಕೊಂಡರೂ ಪರದೆಯ ಮೇಲೆ ಎಪ್ಪತ್ತೆಂಟೇ. ಥೂ! ಕೆಟ್ಟ ಕೆಲಸ ಎಷ್ಟೋ ನೋಡಿದ್ದೇನೆ. ಆದರೆ ಇದು ಗೊತ್ತಿದ್ದೂ ಕೂತು ಮಾಡಿದ ಮೋಸ.

"ಇದು ಎಂತ ಪ್ರಭಾಕರಣ್ಣ?"

"ಅದಾ? ನಿನ್ನೆ ಟ್ರಯಲ್ ಮಾಡುವಾಗ ಹೂಟರ್ ಸುಮ್ಮನೆ ಕೂಗ್ತಾ ಇತ್ತು. ಸೆನ್ಸರ್ ವಯರು ಪವರ್ ಕೇಬಲಿನೊಟ್ಟಿಗೆ ಹೋಗಿದೆ, ಪುನಃ ಎಳೀಬೇಕು ಅಂತ ಕಂಟ್ರಾಕ್ಟರ್ ಹೇಳಿದ. ಟೈಮ್ ಎಲ್ಲುಂಟು? ದೀಪ ಹಚ್ಚುವಾಗ ಹೂಟರ್ ಕೂಗಿದರೆ ಅಪಶಕುನ ಅಲ್ವಾ? ನಾನೇ ಹೇಳಿದೆ, ಎಂತಾದ್ರೂ ಅಡ್ಜಸ್ಟ್ ಮಾಡು ಅಂತ."

ಅಡ್ಜಸ್ಟ್! ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊರಗೆ ಓಡಿ ನೋಡಿದೆ. ರೇಡಿಯೇಟರಿನ ಬಿಸಿಗಾಳಿ ಹೊರಗೆ ಹೋಗಲು ಗೋಡೆಯಲ್ಲಿ ದೊಡ್ಡ ಜಾಲರಿ ಇತ್ತು. ಅದು ಅತಿಥಿಗಳು ಬರುವ ದಾರಿಗೆ ಎದುರು. ಚಂದ ಕಾಣುವುದಿಲ್ಲವೆಂದು ಅದರ ಮೇಲೆ ಸ್ವಾಗತದ ಫ್ಲೆಕ್ಸ್ ಬಿಗಿದು ಕಟ್ಟಿದ್ದರು. ಮುಖ್ಯ ಅತಿಥಿ ಅದರಲ್ಲಿ ಕೈಮುಗಿದು ನಗುತ್ತಿದ್ದರು, ಒಳಗೆ ಎಂಜಿನ್ ತನ್ನದೇ ಬಿಸಿಗಾಳಿ ಕುಡಿದು ಬೇಯುತ್ತಿತ್ತು.

ಒಳಗೆ ಬಂದು ಇಂಟರ್‌ಕಾಮ್ ಎತ್ತಿ ಮೇಲಿನ ಮಹಡಿಯ ಡಯಾಲಿಸಿಸ್ ವಾರ್ಡಿಗೆ ಮಾಡಿ, ಜನರೇಟರ್ ನಿಲ್ಲಬಹುದು ಎಂದೆ. ಅಲ್ಲಿನ ಸಿಸ್ಟರ್ ಲವೀನಾ ನನಗೆ ಹಳೆಯ ಪರಿಚಯ.

"ಎಲ್ಲ ಬೆಡ್ಡೂ ಫುಲ್ ಉಂಟು ಹಮೀದಾಕ. ಶಕ್ತಿನಗರದ ಗಿರಿಜಕ್ಕನಿಗೆ ಬಿಪಿ ಬೇರೆ ಇಳೀತಾ ಉಂಟು. ಕರೆಂಟ್ ಮಾತ್ರ ತೆಗೀಬೇಡಿ. ಅವರ ಮೆಷಿನಿನ ಬ್ಯಾಟರಿ ಸತ್ತು ಎಷ್ಟು ಸಮಯ ಆಯ್ತು, ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಯ್ತು."

ಡಯಾಲಿಸಿಸ್ ಎಂದರೆ ರೋಗಿಯ ರಕ್ತ ಟ್ಯೂಬಿನಲ್ಲಿ ಹೊರಬಂದು, ಮೆಷಿನಿನಲ್ಲಿ ಶುದ್ಧವಾಗಿ ಮೈಗೆ ಮರಳುವುದು. ಈಗ ಎಂಜಿನ್ ಬಿಸಿಗೆ ಬಿಗಿದು ನಿಂತರೆ ಗಿರಿಜಕ್ಕನ ರಕ್ತ ಟ್ಯೂಬಿನಲ್ಲೇ ನಿಲ್ಲುತ್ತದೆ.

"ಎಲ್ಲರ ರಕ್ತ ವಾಪಸ್ ಕೊಡ್ಲಿಕ್ಕೆ ಶುರು ಮಾಡಿ ಸಿಸ್ಟರ್. ಮೊದಲು ಗಿರಿಜಕ್ಕನಿಗೆ. ಅಷ್ಟರವರೆಗೆ ಕರೆಂಟ್ ನಾನು ಹಿಡಿದಿಡ್ತೇನೆ."

ಲೋಡ್ ಇಳಿಸದೆ ಎಂಜಿನ್ ಉಳಿಯುವಂತಿರಲಿಲ್ಲ. ಅತಿ ಹೆಚ್ಚು ಲೋಡ್ ಎಳೆಯುತ್ತಿದ್ದದ್ದು ಆ ಹಾಲ್. ಅದಕ್ಕೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚು, ಬ್ರೇಕರಿಗೆ ಕೈ ಹಾಕಿದ್ದೇ ಪ್ರಭಾಕರಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡರು.

"ದಮ್ಮಯ್ಯ ಹಮೀದಾಕ, ಈಗ ಬೇಡ! ಮುಖ್ಯ ಅತಿಥಿ ಭಾಷಣಕ್ಕೆ ನಿಂತದ್ದಷ್ಟೆ. ಒಂದು ಹತ್ತು ನಿಮಿಷ."

"ಎಂಜಿನ್ ಹತ್ತು ನಿಮಿಷ ಕೊಡುದಿಲ್ಲ. ಮೇಲೆ ಆ ಹೆಂಗಸಿನ ರಕ್ತ ಮೆಷಿನಲ್ಲಿ ಉಂಟು. ಕೈ ಬಿಡ್ತೀರಾ ಇಲ್ವಾ?"

ಅವರು ಬಿಡಲಿಲ್ಲ. ನಾನೇ ಕೊಡವಿ ಬ್ರೇಕರ್ ಇಳಿಸಿದೆ. ಗೋಡೆಯಾಚೆ ಭಾಷಣ ಅರ್ಧಕ್ಕೆ ನಿಂತು, ಕುರ್ಚಿಗಳ ಸದ್ದು ಕೇಳಿತು. ಹೊರಗೆ ಹೋಗಿ ಕಟರಿನಿಂದ ಫ್ಲೆಕ್ಸಿನ ಹಗ್ಗ ಕತ್ತರಿಸಿದೆ. ಬಿಸಿಗಾಳಿ ಭರ್ರೆಂದು ಹೊರಬಂತು. ಮರಳಿ ಬಂದು ಎಂಜಿನ್ನಿನ ಪಕ್ಕದಲ್ಲೇ ನಿಂತೆ. ಸೆನ್ಸರ್ ಈಗ ಜೋಡಿಸಿದರೆ ಕಂಟ್ರೋಲರ್ ಎಂಜಿನ್ನನ್ನೇ ನಿಲ್ಲಿಸಿಬಿಡುತ್ತಿತ್ತು. ಪರದೆ ನಂಬುವಂತಿರಲಿಲ್ಲ, ಸದ್ದು ಕೇಳಿಯೇ ತಿಳಿಯಬೇಕಿತ್ತು. ನಿಧಾನಕ್ಕೆ ಅದರ ಏದುಸಿರು ತಗ್ಗಿತು. ಕೊನೆಗೂ ಇಂಟರ್‌ಕಾಮ್ ಬಡಿದುಕೊಂಡಿತು.

"ಗಿರಿಜಕ್ಕನದ್ದು ವಾಪಸ್ ಹೋಯ್ತು. ಉಳಿದವರದ್ದೂ ಆಯ್ತು. ದೇವರು ದೊಡ್ಡವನು ಹಮೀದಾಕ."

ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಪ್ರಭಾಕರಣ್ಣ ಹೊರಗೆ, ಹರಿದ ಫ್ಲೆಕ್ಸ್ ಮಡಚುತ್ತಾ, "ಆಸ್ಪತ್ರೆಯ ಮಾನ ಹೋಯ್ತಲ್ಲ ಮಾರಾಯ್ರೆ" ಎನ್ನುತ್ತಿದ್ದರು. ಮೇಲೆ ಯಾರಿಗೆ ಹೇಗಿದೆ ಎಂದು ಅವರು ಕೇಳಲೇ ಇಲ್ಲ. ಅಸಹ್ಯ ಎಂದರೆ ಇದು.

ನಾಲ್ಕು ದಿನ ಬಿಟ್ಟು ಕೇಬಲ್ ಪುನಃ ಎಳೆಯಲು ಹೋದಾಗ ಲಿಫ್ಟಿನ ಹತ್ತಿರ ಸಿಸ್ಟರ್ ಲವೀನಾ ಗಿರಿಜಕ್ಕನಿಗೆ ನನ್ನನ್ನು ತೋರಿಸಿದರು. ಆಕೆ ಗಾಲಿಕುರ್ಚಿಯಲ್ಲಿ ಕುಳಿತೇ ನಕ್ಕರು.

"ಭಾಷಣ ನಿಲ್ಲಿಸಿದ್ದು ನೀನಂತೆ ಮಾರಾಯ? ಒಳ್ಳೇದಾಯ್ತು. ಆ ಮೈಕಿನ ಗಲಾಟೆಗೆ ನನ್ನ ಮಂಡೆ ಒಡೀತಾ ಇತ್ತು."

ಯಾಕೆ ನಿಲ್ಲಿಸಿದ್ದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ನಾನೂ ನಕ್ಕು ಜನರೇಟರ್ ಕೋಣೆಗೆ ನಡೆದೆ.

ಸೆನ್ಸರ್ ತಂತಿಗಳಿಗೆ ಬೇರೆಯೇ ಪೈಪು ಹಾಕಿದೆ, ರೆಸಿಸ್ಟರ್ ಕಿತ್ತು ಬಿಸಾಡಿದೆ, ಕಮ್ಯುನಿಕೇಶನ್ ಕೇಬಲ್ ಜೋಡಿಸಿದೆ. ಆಮೇಲೆ ಬೇಕೆಂದೇ ಸೆನ್ಸರಿನ ಒಂದು ತಂತಿ ಕಳಚಿದೆ. ಹೂಟರ್ ಕೂಗಿತು, ಪ್ರಭಾಕರಣ್ಣನ ಕಿಸೆಯಲ್ಲಿ ಮೊಬೈಲೂ ಕೂಗಿತು. ಅಂದಿನಿಂದ ಯಾವ ಸೈಟಿಗೆ ಹೋದರೂ ನನ್ನ ಮೊದಲ ಪರೀಕ್ಷೆ ಇದೇ. ತಂತಿ ಕಳಚಿದಾಗ ಕೂಗುವ ಕಂಟ್ರೋಲರನ್ನು ಮಾತ್ರ ನಂಬುತ್ತೇನೆ.

ಪ್ರಭಾಕರಣ್ಣ ಮೊಬೈಲು ನೋಡಿ ಮುಖ ಹಿಂಡಿದರು. "ಹಮೀದಾಕ, ಇದು ನನ್ನ ಫೋನಿಗೆ ಬಾರದ ಹಾಗೆ ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?"

"ಆಗ್ತದೆ" ಎಂದೆ.

ಅವರ ನಂಬರ್ ಅಳಿಸಿ, ಸಿಸ್ಟರ್ ಲವೀನಾರ ನಂಬರ್ ಹಾಕಿದೆ. ಎಚ್ಚರಿಕೆಯ ತಂತಿ ಮುಟ್ಟಬೇಕಾದದ್ದು ಅಧಿಕಾರ ಇದ್ದವರ ಕಿಸೆಯನ್ನಲ್ಲ, ಅದು ಕೂಗಿದರೆ ಎದ್ದು ಓಡುವವರನ್ನು. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಅದೊಂದನ್ನೇ.