ಗರಿ ಕಿತ್ತ ಮೇಲೆ ಎಲ್ಲಾ ಒಂದೇ

ನನ್ನ ಅಕ್ಕನ ಗಂಡ ಲೌ ಕಾಮ್‌ತೋಂಗ್ ಕೆಟ್ಟವನಲ್ಲ. ನಮ್ಮೂರು ಸಾನ್ಶುಯಿಯ ಗದ್ದೆಗಳಲ್ಲಿ ಅವನಷ್ಟು ಚೆನ್ನಾಗಿ ಹಕ್ಕಿಬಲೆ ಕಟ್ಟುವವರು ಇರಲಿಲ್ಲ, ಅಷ್ಟೆ. ಭತ್ತ ಹೂಬಿಟ್ಟು ಕಾಳುಗಟ್ಟುವ ಹೊತ್ತಿಗೆ ಉತ್ತರದಿಂದ ಹೂಗುಬ್ಬಿಗಳು ಬರುತ್ತಿದ್ದವು, ಎದೆಗೆಲ್ಲ ಅರಿಶಿನ ಬಳಿದುಕೊಂಡಂತೆ. ತಿಂದರೆ ಮೈಗೆ ಶಕ್ತಿ ಎಂದು ಊಟದಂಗಡಿಯವರು ಮುಗಿಬೀಳುತ್ತಿದ್ದರು. ಅದರ ದಾಯಾದಿ ಗೀರುಗುಬ್ಬಿಯೂ ಅದೇ ಬಲೆಗೆ ಬೀಳುತ್ತಿತ್ತು. ಬಿಳಿ ಹೊಟ್ಟೆ, ಮೇಲೆ ಕಪ್ಪು ಗೀರು. ಅದನ್ನು ಕೇಳುವವರೇ ಇಲ್ಲ.

ಭಾವ ಬಲೆಯಿಂದ ಬಿಡಿಸುವನು, ಅಕ್ಕ ನೀರು ಕಾಯಿಸುವಳು, ಗರಿ ಕೀಳುವುದು ನನ್ನ ಕೆಲಸ. ಹೂಗುಬ್ಬಿ ಸಾಲದೆ ಬಂದ ವರ್ಷ ಭಾವ ಮಾರುವ ಬುಟ್ಟಿಗೆ ಗೀರುಗುಬ್ಬಿ ಬೆರೆಸಿದ. ಗರಿ ಕಿತ್ತ ಮೇಲೆ ಗುರುತು ಹಿಡಿಯುವ ಗಂಡು ಯಾರಿದ್ದಾನೆ? ಊರಿನವರೆಲ್ಲ ಹಾಗೇ ಮಾಡಿದರು. ವರ್ಷ ವರ್ಷವೂ ಬುಟ್ಟಿ ತುಂಬಿತು. ಕೊನೆಗೆ ಹೂಗುಬ್ಬಿಗಳು ಮೊದಲಿನಷ್ಟೇ ಬರುತ್ತಿವೆ ಎಂದು ಬಲೆ ಕಟ್ಟುವವರೇ ನಂಬಿಬಿಟ್ಟರು. ಕೊಳ್ಳುವವರಿಗೆ ಹಾಕಿದ ಟೋಪಿ ನಮ್ಮ ತಲೆಯ ಮೇಲೇ ಕೂತಿತ್ತು.

ಹಳದಿ ಗರಿ ಕಮ್ಮಿಯಾಗುತ್ತಿದೆ ಎಂದು ಒಂದು ಸಲ ಭಾವನಿಗೆ ಹೇಳಿದೆ. "ನಿನ್ನ ಕೈ ಓಡ್ಲಿ, ಬಾಯಲ್ಲ" ಎಂದು ನಕ್ಕ. ನಾನೂ ಸುಮ್ಮನಾದೆ. ನಿಜ ಹೇಳಬೇಕೆಂದರೆ ನನಗೂ ಬುಟ್ಟಿ ತುಂಬುವುದೇ ಬೇಕಿತ್ತು.

ಈಗ ಹೂಗುಬ್ಬಿ ಭೂಮಿಯ ಮೇಲಿಂದಲೇ ಅಳಿದುಹೋಗುವ ಅಂಚಿನಲ್ಲಿದೆಯಂತೆ. ಗೀರುಗುಬ್ಬಿಗೆ ಏನೂ ಆಗಿಲ್ಲ, ಹಿತ್ತಲಿಗೂ ಬರುತ್ತದೆ. ಹಕ್ಕಿಗಳ ವಿಷಯ ಓದಿದ ಪುನ್ ಮೇಡಂ ಮಾತಾಡಿಸಲು ಬರುತ್ತಾಳೆಂದು ತಿಳಿದು, ಎಪ್ಪತ್ತೆಂಟರ ಭಾವ ಬೆಳಗ್ಗೆಯೇ ಗಡ್ಡ ಹೆರೆದುಕೊಂಡು ಕೂತ. ಕೊಂದ ಕೈಯಿಂದ ಇನ್ನೇನೂ ಆಗುವುದಿಲ್ಲ, ಬಾಯಿಂದಾದರೂ ಆ ಹಕ್ಕಿಗೆ ಉಪಕಾರವಾಗಲಿ ಎಂದು ವಾರದಿಂದ ಅದೇ ಜಪ.

ಆಕೆ ಕೇಳಿದ್ದು ಒಂದೇ.

"ತಾತ, ಹೂಗುಬ್ಬಿ ಯಾವ ವರ್ಷದಿಂದ ಕಮ್ಮಿ ಆದ್ವು? ಅದೊಂದನ್ನ ಇಲ್ಲಿ ಯಾರೂ ಬರೆದಿಟ್ಟಿಲ್ಲ."

ಭಾವ ಹೆರೆದ ಗಲ್ಲ ಸವರಿಕೊಂಡ. "ಗೊತ್ತಿಲ್ಲಮ್ಮ. ಬುಟ್ಟಿ ಯಾವಾಗ್ಲೂ ತುಂಬೇ ಇರ್ತಿತ್ತು."

ಅವನ ಮುಖ ನೋಡಲಾಗಲಿಲ್ಲ. ತಡೆಯಲಾರದೆ, ಪ್ರಾಣಿಗಳ ಹೆಸರಿನಿಂದ ವರ್ಷ ಎಣಿಸುವ ನಮ್ಮ ಲೆಕ್ಕದಲ್ಲೇ ನಾನು ಹೇಳಿದೆ. "ಹುಲಿ ವರ್ಷ ಒಂದು ಗೋಣಿ ಹಳದಿ ಗರಿ ಇತ್ತು. ಐದೇ ವರ್ಷ ಕಳೆದು, ಕುರಿ ವರ್ಷ ಬಂದಾಗ ಒಂದು ಮುಷ್ಟಿ."

ಮೇಡಂ ಬರೆದುಕೊಂಡಳು. ಭಾವ ನನ್ನನ್ನೇ ನೋಡುತ್ತಿದ್ದ. ಬಯ್ಯುತ್ತಾನೆ ಅಂದುಕೊಂಡೆ. ಅವನು ಮೇಡಂ ಕಡೆ ತಿರುಗಿದ.

"ಇವ್ಳು ಆಗ್ಲೇ ಹೇಳಿದ್ಲು ಕಣಮ್ಮ. ನಾನೇ ಬಾಯಿ ಮುಚ್ಚಿಸ್ದೆ. ಅದನ್ನೂ ಬರ್ಕೋ."