ಭಂಡಾರ ಮುಟ್ಟಿಸಿ ಗೆದ್ದವರು

ರುಮಾಲು ತೆಗೆದಾಗ ಬೋರ್ಡಿನ ಅಜ್ಜನ ತಲೆ ಎರಡು ಬಣ್ಣದ್ದಾಗಿ ಕಾಣುತ್ತಿತ್ತು. ಹಣೆಯ ನಡುವಿನಿಂದ ಕೆಳಗೆ ಬಾದಾಮಿಯ ಬಿಸಿಲಿಗೆ ಸುಟ್ಟು ಕರಿದಾದ ಮುಖ, ಮೇಲೆ ಬಿಸಿಲನ್ನೇ ಕಾಣದ ಬೆಳ್ಳನೆಯ ಬೋಳು. ಜಳಕ ಮುಗಿಸಿ ವಿಭೂತಿ ಹಚ್ಚಿಕೊಳ್ಳುವ ಐದು ನಿಮಿಷ ಬಿಟ್ಟರೆ ಆ ಬೋಳನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ನನ್ನ ಕೋಣೆಯ ಕಿಟಕಿ ಅವರ ಬಚ್ಚಲ ಕಡೆಗಿದ್ದುದರಿಂದ ನನಗೆ ದಿನವೂ ದರ್ಶನವಾಗುತ್ತಿತ್ತು.

ನಾನಾಗ ಅಲ್ಲಿನ ಹೈಸ್ಕೂಲಿಗೆ ಹೊಸದಾಗಿ ಬಂದ ಗಣಿತದ ಮಾಸ್ತರ, ಅವರ ಮನೆಯಲ್ಲಿ ಬಾಡಿಗೆಗಿದ್ದೆ. ಅವರಿಗೆ ಎಂಬತ್ತು ದಾಟಿತ್ತು. ಬ್ರಿಟಿಷರ ಕಾಲದಲ್ಲಿ ಜಿಲ್ಲಾ ಲೋಕಲ್ ಬೋರ್ಡಿಗೆ ಆರಿಸಿ ಬಂದವರು. ಬೋರ್ಡೂ ಹೋಗಿ, ಬ್ರಿಟಿಷರೂ ಹೋಗಿ, ಹೆಸರು ಮಾತ್ರ ಉಳಿದಿತ್ತು. ರಾಜಕಾರಣಿಗಳ ಬಗ್ಗೆ ನನಗೆ ಆಗಲೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ, ನಿವೃತ್ತನಾದ ಈಗಲೂ ಇಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಯಾರಾದರೂ ಮಾತು ಕೊಟ್ಟರೆ ಅಜ್ಜನಿಗೆ ಆಗುತ್ತಿರಲಿಲ್ಲ. ಕೋಣೆಗೆ ಬಂದ ಮೊದಲ ದಿನ ನಾನು, "ಬಾಗಲಾ ಹಾಕೂದ್ರೊಳಗ ಬಂದ ಬರ್ತೇನ್ರಿ ಅಜ್ಜಾರ, ಮಾತು ಕೊಡ್ತೇನಿ" ಎಂದೆ.

"ಮಾತು ನಿನ್ನ ಕಡೇನ ಇರ್ಲಿ. ಬರಾಕ ನೋಡ್ತೇನಿ ಅನ್ನು, ಸಾಕು" ಎಂದರು.

ಚುನಾವಣೆ ಬಂದಾಗ ಒಬ್ಬ ಹುರಿಯಾಳು ಅವರ ಕಾಲು ಮುಟ್ಟಿ, ಗೆದ್ದರೆ ಓಣಿಗೆ ನಳ ತರುತ್ತೇನೆ, ಬಸವಣ್ಣನ ಆಣೆ ಎಂದುಬಿಟ್ಟ. ಅಜ್ಜ ಕಾಲು ಹಿಂದಕ್ಕೆ ಎಳೆದುಕೊಂಡರು. "ಏ ತಮ್ಮಾ, ಬಸವಣ್ಣಗ ಬ್ಯಾರೆ ಕೆಲಸ ಇಲ್ಲೇನು? ಅವನ್ನ ಯಾಕ ನಿನ್ನ ಪ್ರಚಾರಕ್ಕ ಹಚ್ಚತಿ?" ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅಜ್ಜ ನಗಲಿಲ್ಲ.

ಅದರ ಕಾರಣ ನನಗೆ ತಿಳಿದದ್ದು ಆ ಬೇಸಿಗೆಯಲ್ಲಿ. ಅವರ ಕಾಲದ ಚುನಾವಣೆಯಲ್ಲಿ ಎಲ್ಲರಿಗೂ ಮತವಿರಲಿಲ್ಲ, ಹೊಲದ ಕಂದಾಯ ಕಟ್ಟುವವರಿಗೆ ಮಾತ್ರ. ಹೀಗಾಗಿ ಒಂದೊಂದು ಮತಕ್ಕೂ ಭಾರಿ ಬೆಲೆ. ಕುಳಗೇರಿ ಕ್ರಾಸಿನ ಆಚೆ ಬೀರಪ್ಪನ ಒಕ್ಕಲಿನವರ ಒಂದು ಹಳ್ಳಿ. ಅಜ್ಜ ಅಲ್ಲಿಗೆ ಹೋಗಿ, ಗುಡಿಯ ಮುಂದೆ ಎಲ್ಲರನ್ನೂ ಕೂಡಿಸಿ, ಬೀರಪ್ಪನ ಭಂಡಾರದ ತಟ್ಟೆ ತಿರುಗಿಸಿದರು. ಆ ಅರಿಶಿನಪುಡಿ ಮುಟ್ಟಿ ಮಾತು ಕೊಟ್ಟರೆ ಮುಗಿಯಿತು, ಅದನ್ನು ಮುರಿಯುವ ಗಂಡಸು ಆ ಹಳ್ಳಿಯಲ್ಲಿರಲಿಲ್ಲ.

"ನಮ್ಮ ಮನ್ಯಾಗ ಆಣಿ ಇಡೂ ಪದ್ಧತಿನ ಇಲ್ಲ. ಮಂದಿ ದೇವರ ಮುಂದ ಮಂದಿ ಕಡೆ ಇಡಿಸಿದೆ. ಶಾಣ್ಯಾ ನಾ!" ಎಂದು ಅಜ್ಜ ನನ್ನೆದುರು ತಮ್ಮನ್ನು ತಾವೇ ಬೈದುಕೊಂಡರು.

ಆ ಗುಡಿಯ ಪೂಜಾರಿ ಅದಾಗಲೇ ಎದುರಾಳಿಗೆ ಮಾತು ಕೊಟ್ಟಿದ್ದನಂತೆ. ಊರವರ ಎದುರು ತಟ್ಟೆ ಬಂದಾಗ ತನ್ನ ದೇವರ ಭಂಡಾರವನ್ನು ಬೇಡವೆನ್ನಲು ಪೂಜಾರಿಗೆ ಆಗುವುದೇ? ಮುಟ್ಟಿದ. ಮತವನ್ನೂ ಅಜ್ಜನಿಗೇ ಹಾಕಿದ. ಮರುದಿನ ಗುಡಿಯ ಕೀಲಿಯನ್ನು ತಮ್ಮನ ಕೈಗಿಟ್ಟು, ಎರಡು ಮಾತಾಡಿದ ಬಾಯಿಂದ ಬೀರಪ್ಪನನ್ನು ಕರೆಯಲಾರೆ ಎಂದ. ಸಾಯುವ ತನಕ ಗುಡಿಯ ಹೊಸ್ತಿಲು ದಾಟಲಿಲ್ಲ.

ಈ ಸುದ್ದಿ ಅಜ್ಜನಿಗೆ ಆಗಲೇ ಮುಟ್ಟಿತ್ತು. "ಹೋಗಬೇಕು ಅಂದೆ. ಬೋರ್ಡಿನ ಮೀಟಿಂಗ್ ಅಂದೆ, ಸುಗ್ಗಿ ಅಂದೆ. ಖರೆ ಹೇಳ್ಬೇಕಂದ್ರ ನಾಚಿಕಿ. ಆಂವ ಹ್ವಾದ. ಮಗಳು ಅಲ್ಲೇ ಅದಾಳ. ಆಕಿ ಮುಂದರ ತಪ್ಪಾತು ಅಂದು ಸಾಯ್ತೇನಿ. ನೀ ಬರ್ತಿಯೇನು ಮಾಸ್ತರ?"

ಸಾಲಿಗೆ ಸೂಟಿಯಿತ್ತು. ಹೋದೆ.

ಕ್ರಾಸಿನಲ್ಲಿ ಬಸ್ಸಿಳಿದು, ಚಹಾ ಕುಡಿದು, ಮೈಲಿಗಟ್ಟಲೆ ನಡೆದೆವು. ಆ ಹೆಂಗಸು ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅರವತ್ತರ ಮೇಲಿನ ವಯಸ್ಸು. ನಮ್ಮನ್ನು ನೋಡಿ ಕಂಬಳಿ ಹಾಸಿದಳು. ಅಜ್ಜ ಕೂಡ್ರಲಿಲ್ಲ. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ನಿಂತೇ ಎಲ್ಲ ಹೇಳಿದರು. ಬಿಸಿಲು ಆ ಬೋಳಿನ ಮೇಲೆ ಸುರಿಯುತ್ತಿತ್ತು. ಕೊನೆಗೆ, "ತಪ್ಪಾಗೇತಿ ತಂಗಿ" ಎಂದು ಕೈಮುಗಿದರು.

ಅವಳು ಮೊರ ಕೆಳಗಿಟ್ಟಳು.

"ನಮ್ಮಪ್ಪ ನಿಮ್ಮನ್ನ ಒಂದಿನಾನೂ ಬೈಲಿಲ್ರಿ. ಹಬ್ಬದ ದಿನ ಗುಡಿ ಮುಂದಿನ ಬೇವಿನ ಗಿಡದ ಕೆಳಗ ನಿಂತು ಒಳಗ ನೋಡ್ತಿದ್ದ. ಯಾರು ಕರದ್ರೂ ಬರ್ತಿದ್ದಿಲ್ಲ. ಆಣಿ ಇಡಿಸಿದಾವ್ರು ಬಂದು ನಿನ್ನ ಆಣಿಯಿಂದ ಬಿಟ್ಟೀನಿ ಅಂದ್ರ ಅಷ್ಟ ಒಳಗ ಹೋಗಾಕ ಬರ್ತೈತಿ ಅಂತಿದ್ದ. ಈಗ ನೀವು ಬಂದೀರಿ. ನಾ ಮಾಫ್ ಮಾಡಿದ್ರ ನಮ್ಮಪ್ಪ ಒಳಗ ಹೋಗ್ತಾನೇನ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಬಾರದ ಹುಡುಗರು ನನ್ನನ್ನು ಕೇಳುವಂತೆ ಕೇಳಿದಳು. ಅವಳು ಒಳಗೆ ಹೋಗಿ ಮಜ್ಜಿಗೆ ತಂದಳು, ಬಂದವರನ್ನು ಹಾಗೇ ಕಳಿಸಬಾರದಲ್ಲ. ಅಜ್ಜ ಕುಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಕೇಳಿದರು. "ಮಾಸ್ತರ, ನೀ ಯಾರ ಕಡೆ ಹೋಗೂದು ಉಳದೈತಿ?"

"ಯಾರೂ ಇಲ್ರಿ" ಎಂದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಅಜ್ಜ ತೀರಿಕೊಂಡರು. ಪತ್ರಿಕೆಯಲ್ಲಿ ಅವರು ಮಾಡಿಸಿದ ರಸ್ತೆ, ತೆಗೆಸಿದ ಬಾವಿ, ತೆರೆಸಿದ ಸಾಲೆ ಎಲ್ಲ ಬಂತು. ಅವನ್ನೆಲ್ಲ ಅವರು ಮಾಡಿಸಿದ್ದೂ ನಿಜವೇ. ಮಣ್ಣು ಕೊಟ್ಟು ಬಂದವನು ನಾನು ಕೋಣೆಗೆ ಹೋಗದೆ ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ಇಳಕಲ್ಲಿನ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಕ್ಕ ಇದ್ದಳು. ಜಾತಿ ಬಿಟ್ಟು ನೇಕಾರನ ಕೈ ಹಿಡಿದಳೆಂದು, ತಾಯಿಯಂತೆ ನನ್ನನ್ನು ಬೆಳೆಸಿದವಳ ಹೊಸ್ತಿಲನ್ನು ನಾಲ್ಕು ವರ್ಷ ತುಳಿದಿರಲಿಲ್ಲ. ದಾರಿಯುದ್ದಕ್ಕೂ ಅಂಜಿಕೆ, ಅವಳಿಗೇನಾದರೂ ಆಗಿದ್ದರೆ ಎಂದು.

ಮನೆ ಕೇಳಿಕೊಂಡು ಹೋಗಿ ಕದ ಬಡಿದೆ. ಒಳಗೆ ಮಗ್ಗದ ಸಪ್ಪಳ ನಿಂತಿತು. ಬಾಗಿಲು ತೆಗೆದದ್ದು ಅವಳೇ.