ಖಂಡೇನವಮಿಯ ತೋಟಾಗಳು

ಭಾರದ ಗುಂಡು ಕೆಳಗೆ ಬೀಳುತ್ತದೆ, ಹಗುರದ್ದು ಮೇಲೆ ಹೋಗುತ್ತದೆ ಎಂದೇ ಯಾರಿಗಾದರೂ ಅನಿಸುವುದು. ರಿವಾಲ್ವರಿನಲ್ಲಿ ಆಗುವುದು ಉಲ್ಟಾ. ಭಾರದ ಗುಂಡು ನಳಿಗೆಯೊಳಗೆ ನಿಧಾನಕ್ಕೆ ಸಾಗುತ್ತದೆ. ಅದು ಹೊರಬೀಳುವಷ್ಟರಲ್ಲಿ ಒದೆತಕ್ಕೆ ನಳಿಗೆಯ ಮೂತಿ ಮೇಲೆದ್ದಿರುತ್ತದೆ. ಹಗುರದ್ದು ಅದಕ್ಕೂ ಮೊದಲೇ ಓಡಿಹೋಗಿ ಕೆಳಗೆ ತಾಗುತ್ತದೆ. ಇಷ್ಟು ತಿಳಿಯಲು ನನಗೆ ಒಂದಿಡೀ ಬೇಸಿಗೆ ಬೇಕಾಯಿತು. ತೊಂಬತ್ತರ ದಶಕದ ಮೊದಲ ವರ್ಷಗಳು. ವಿಲಾಯತಿಯಲ್ಲಿ ಆಗಿನ್ನೂ ಲೈಸೆನ್ಸ್ ಇದ್ದವರು ಪಿಸ್ತೂಲು ಇಟ್ಟುಕೊಳ್ಳಬಹುದಿತ್ತು. ಹಗಲು ಆಸ್ಪತ್ರೆಯಲ್ಲಿ ಜನರಿಗೆ ಅರಿವಳಿಕೆ ಕೊಡುವುದು, ಸಂಜೆ ಹ್ಯಾರೋದ ಗ್ಯಾರೇಜಿನಲ್ಲಿ ಕೂತು ಕೈಯಾರೆ ಮದ್ದು, ಗುಂಡು ಹಾಕಿ ತೋಟಾ ತುಂಬುವುದು.

ಶೂಟಿಂಗ್ ಕ್ಲಬ್ಬಿನ ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. ನನಗದು ಬೇಕೇ ಬೇಕಿತ್ತು. ಕ್ಲಬ್ಬಿನಲ್ಲಿ ಎಲ್ಲರೂ ನನಗೆ ಟೀ ಕೊಡುತ್ತಿದ್ದರು, ಬೆನ್ನುನೋವಿಗೆ ಪುಕ್ಕಟೆ ಸಲಹೆ ಕೇಳುತ್ತಿದ್ದರು, ವರ್ಷದ ಊಟಕ್ಕೆ ಮಾತ್ರ ಕರೆಯುತ್ತಿರಲಿಲ್ಲ. ಅದು ತಂಡದವರಿಗಷ್ಟೇ.

ಆಯ್ಕೆಯ ಹಿಂದಿನ ದಿನ ಖಂಡೇನವಮಿ, ಆಯುಧಪೂಜೆ. ಧಾರವಾಡದಿಂದ ಬಂದಿದ್ದ ಅವ್ವ ಹಟ ಹಿಡಿದಳು.

"ಈಳಿಗಿ, ಅಡಕತ್ತರಿ ಪೂಜಾ ಮಾಡಿ ಮಾಡಿ ಸಾಕಾಗೇದ. ಈ ವರ್ಷರ ಮನ್ಯಾಗ ಖರೇ ಆಯುಧ ಅದ. ತಗೀಯೋ ಹೊರಗ!"

ಬೀರುವಿನ ಬೀಗ ತೆಗೆದು ರಿವಾಲ್ವರನ್ನೂ ಎರಡು ಡಬ್ಬಿ ತೋಟಾಗಳನ್ನೂ ಮುಂದಿಟ್ಟೆ. ಭಾರದ ಗುಂಡಿನವು ಆಯ್ಕೆಗೆ. ಅವು ಗುರಿಯಿಟ್ಟಲ್ಲೇ ಬೀಳುತ್ತಿದ್ದವು. ಒಂದು ಗೇಣು ಕೆಳಗೆ ಬೀಳುವ ಹಗುರದವು ಬರೀ ಅಭ್ಯಾಸಕ್ಕೆ. ಪಕ್ಕದಲ್ಲೇ ಕಾವಲು ಕೂತಿದ್ದೆ, ಅಷ್ಟರಲ್ಲಿ ಆಸ್ಪತ್ರೆಯ ಫೋನು. ಎರಡು ಮಾತಾಡಿ ತಿರುಗಿದರೆ, ವೆಂಬ್ಲಿಯಿಂದ ತಂದ ಚೆಂಡುಹೂವಿನ ನಡುವೆ ತೋಟಾಗಳೆಲ್ಲ ಕುಂಕುಮ ಹಚ್ಚಿಕೊಂಡು ಸಾಲಾಗಿ ನಿಂತಿದ್ದವು. ಆರತಿಯಾದ ಮೇಲೆ ಅವ್ವನೇ ಅವನ್ನು ಒರೆಸಿ ಡಬ್ಬಿಗಳಿಗೆ ತುಂಬಿದಳು. ನೋಡಲು ಎರಡು ಬಗೆಯವೂ ಒಂದೇ ತರಹ. ನನಗೇನೂ ಹೊಳೆಯಲಿಲ್ಲ.

ಮರುದಿನ ಮೊದಲ ಏಟೇ ಕೆಳಗೆ ಬಿತ್ತು. ಅರಿವಳಿಕೆಯವನ ಕೈ ಸುಮ್ಮನಿರುತ್ತದೆಯೇ? ರೋಗಿಯ ಬಿ.ಪಿ. ಇಳಿದರೆ ಏರಿಸು, ಏರಿದರೆ ಇಳಿಸು, ಇದೇ ನನ್ನ ಹೊಟ್ಟೆಪಾಡು. ಗುರಿ ಮೇಲಕ್ಕೆ ಹಿಡಿದೆ. ಮುಂದಿನದು ಕರಿ ವೃತ್ತವನ್ನು ದಾಟಿ ಮೇಲೆ ಹೋಯಿತು. ಕೆಳಗೆ ಹಿಡಿದೆ. ಅದರ ಮುಂದಿನದು ಇನ್ನೂ ಕೆಳಗೆ. ಕೈಕಟ್ಟಿ ನಿಂತಂತೆ ಒಂದೇ ಕಡೆ ಗುರಿಯಿಟ್ಟಿದ್ದರೆ ಅರ್ಧದಷ್ಟಾದರೂ ನಡುವಿಗೆ ಬೀಳುತ್ತಿದ್ದವು. ನಾನೋ ಕೊನೆಯ ಏಟಿನವರೆಗೂ ಚಿಕಿತ್ಸೆ ಕೊಟ್ಟೆ.

ಕ್ಯಾಪ್ಟನ್ ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿದರು.

"ಮೇಲೂ ಇವೆ, ಕೆಳಗೂ ಇವೆ ಡಾಕ್ಟರ್. ನಡುವೆ ಮಾತ್ರ ಯಾರೂ ವಾಸವಿಲ್ಲ."

ಜಾಗ ಬೇರೆಯವನಿಗೆ ಹೋಯಿತು. ಮನೆಗೆ ಬಂದಾಗ ಸಿಟ್ಟು ನೆತ್ತಿಗೇರಿತ್ತು.

"ಅವ್ವಾ, ಎರಡೂ ಡಬ್ಬಿ ಕಲಸಿದೇನು?"

"ಹೂಂ. ಇದರದ್ದೊಂದು, ಅದರದ್ದೊಂದು, ಪಾಳೀಲೆ ಇಟ್ಟೀನಿ. ಹಬ್ಬದಾಗ ಒಂದನ್ನ ಕರಕೊಂಡು ಹೋಗಿ ಇನ್ನೊಂದನ್ನ ಮನ್ಯಾಗ ಕೂಡಸ್ತಾರೇನೋ? ಕರದ್ರ ಎಲ್ಲಾರ್ನೂ ಕರೀಬೇಕು."

ಕೆಲವು ವರ್ಷಗಳಲ್ಲಿ ಕಾನೂನು ಬದಲಾಯಿತು, ಪಿಸ್ತೂಲುಗಳನ್ನೆಲ್ಲ ಒಪ್ಪಿಸಬೇಕಾಯಿತು. ನನ್ನ ರಿವಾಲ್ವರಿನ ಹಿಡಿಯ ಸಂದಿನಲ್ಲಿದ್ದ ಕೆಂಪನ್ನು ಪೊಲೀಸಿನವನು ಉಗುರಿನಿಂದ ಕೆರೆದು ನೋಡಿದ.

"ಇದೇನು, ರಕ್ತವೇ?"

"ಅಲ್ಲ, ನಮ್ಮ ತಾಯಿ," ಎಂದೆ.

ಕ್ಲಬ್ಬೂ ಮುಚ್ಚಿತು. ತಂಡವೆಂಬುದೇ ಉಳಿದಿರಲಿಲ್ಲವಾದ್ದರಿಂದ ಕೊನೆಯ ಊಟಕ್ಕೆ ಎಲ್ಲರನ್ನೂ ಕರೆದರು. ನಾನು ಹೊಸ ಸೂಟು ಹಾಕಿಕೊಂಡು ಹೋದೆ.